ಎಣ್ಣೆ ನೀರಿಗೊಂದು ದಿನ

ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲುಮನೆಗೆ ಎಲ್ಲಿಲ್ಲದ ಮರ್ಯಾದೆ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುತ್ತಾರೆ. ಕೆಮ್ಮಣ್ಣು, ಸುಣ್ಣದ ಪಟ್ಟೆ ಬಳಿದು ಕೊರಳಿಗೆ ಮಾಲಿಂಗನ ಬಳ್ಳಿ ಸುತ್ತುತ್ತಾರೆ. ಅಂದು ನೀರು ತುಂಬುವ ಹಬ್ಬ. ಮರುದಿನ ಬೆಳಕು ಹರಿಯುವ ಮುನ್ನ ಮನೆಮಂದಿಗೆಲ್ಲ ಎಣ್ಣೆಸ್ನಾನ. ಹಂಡೆ ಇಲ್ಲದ ಪಟ್ಟಣದ ಮನೆಗಳಲ್ಲಿ ಈಗ ಬಕೆಟ್ಟಿಗೋ ಗೀಸರಿಗೋ ಅರಿಸಿನ ಕುಂಕುಮ ಹಚ್ಚುವುದೂ ಉಂಟು.

ಇಂದು ಬಹಳಷ್ಟು ಮನೆಗಳಲ್ಲಿ ಯುಗಾದಿ, ದೀಪಾವಳಿಗಳಿಗಷ್ಟೇ ಉಳಿದಿರುವ ಈ ಅಭ್ಯಂಜನ ಒಂದು ಕಾಲಕ್ಕೆ ವಾರದ ರೂಢಿಯಾಗಿತ್ತು. ಗಂಡಸರಿಗೆ ಶನಿವಾರ, ಹೆಂಗಸರಿಗೆ ಮಂಗಳವಾರ ಇಲ್ಲವೇ ಶುಕ್ರವಾರ ಎಂಬ ಕಟ್ಟಳೆ ಅನೇಕ ಮನೆಗಳಲ್ಲಿತ್ತು. ಭಾನುವಾರ, ಏಕಾದಶಿ, ಅಮಾವಾಸ್ಯೆ ನಿಷಿದ್ಧ. ಇದಕ್ಕೆ ಹಿರಿಯರು ಕೊಡುತ್ತಿದ್ದ ಗ್ರಹಗತಿಯ ಕಾರಣಗಳನ್ನು ಇಂದು ಒಪ್ಪಬೇಕಾಗಿಲ್ಲ. ಆದರೆ ಕಟ್ಟಳೆಯಿಂದ ಒಂದು ಉಪಕಾರವಾಗುತ್ತಿತ್ತು. ತನ್ನ ಮೈಗೆಂದು ಎರಡು ಗಂಟೆ ಬಿಡುವು ಬೇಕು ಎಂದು ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಪಂಚಾಂಗವೇ ಅವರ ಪರವಾಗಿ ಕೇಳುತ್ತಿತ್ತು.

ಆಯುರ್ವೇದದ ಹಳೆಯ ಗ್ರಂಥಗಳು ಎಣ್ಣೆಯನ್ನು ಹಬ್ಬದ ವಸ್ತುವೆಂದು ಭಾವಿಸಿದಂತಿಲ್ಲ. ಚರಕ ಸಂಹಿತೆ ಎಣ್ಣೆ ತಿಕ್ಕಿದ ದೇಹವನ್ನು ಎಣ್ಣೆ ಕುಡಿದ ಮಡಕೆಗೆ, ತೊಗಲಿಗೆ, ಗಾಡಿಯ ಅಚ್ಚಿಗೆ ಹೋಲಿಸುತ್ತದೆ. ಕೀಲೆಣ್ಣೆ ಹಾಕಿ ಗಾಡಿ ಹೊಡೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಗ್ಭಟನ ‘ಅಷ್ಟಾಂಗಹೃದಯ’ ದಿನಚರ್ಯೆಯ ಅಧ್ಯಾಯದಲ್ಲಿ ದಿನವೂ ಎಣ್ಣೆ ಹಚ್ಚಿಕೊಳ್ಳಲು ಹೇಳಿ, ತಲೆ, ಕಿವಿ, ಅಂಗಾಲುಗಳ ಮೇಲೆ ಹೆಚ್ಚು ಗಮನವಿರಲಿ ಎನ್ನುತ್ತದೆ. ಕಫ ಕಟ್ಟಿದವರಿಗೆ, ಅಜೀರ್ಣವಾದವರಿಗೆ ಬೇಡ ಎಂಬ ಎಚ್ಚರಿಕೆಯೂ ಅಲ್ಲಿದೆ.

ದಿನವೂ ಎಣ್ಣೆ ತಿಕ್ಕಿಸಿಕೊಳ್ಳುವ ಅನುಕೂಲ ಯಾರಿಗಿತ್ತು? ಅರಸರಿಗೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ರಾಜನ ಉಪಭೋಗಗಳ ಸಾಲಿನಲ್ಲಿ ಸ್ನಾನಭೋಗವನ್ನೂ ಸೇರಿಸಿದೆ. ಸಾಮಾನ್ಯರ ಮನೆಗೆ ಈ ಭೋಗ ವಾರಕ್ಕೊಮ್ಮೆಯ ಮಟ್ಟಿಗೆ ಇಳಿದು ಬಂತು ಎನ್ನಬಹುದು. ಸಾಮಗ್ರಿಯಂತೂ ಹಿತ್ತಿಲಿನದೇ.

ಒಂದೊಂದು ಸೀಮೆಗೆ ಒಂದೊಂದು ಬಗೆ. ಬಯಲುಸೀಮೆಯವರು ‘ತಂಪು’ ಎಂದು ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿದರೆ, ಕರಾವಳಿಯವರಿಗೆ ತೆಂಗಿನೆಣ್ಣೆ. ಜಿಡ್ಡು ತೆಗೆಯಲು ಸೀಗೆಪುಡಿ, ಅಂಟುವಾಳ, ಹಳೆ ಮೈಸೂರಿನ ಕಡೆ ಚಿಗರೆಪುಡಿ, ಮಲೆನಾಡಿನಲ್ಲಿ ಮತ್ತಿಸೊಪ್ಪನ್ನೋ ದಾಸವಾಳದ ಸೊಪ್ಪನ್ನೋ ಕಿವುಚಿದ ಗೊಂಪು. ಸೀಗೆ, ಅಂಟುವಾಳಗಳಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ಪದಾರ್ಥವಿದೆ. ಅದರ ಅಣುವಿನ ಒಂದು ತುದಿಗೆ ಎಣ್ಣೆಯ ನಂಟು, ಇನ್ನೊಂದಕ್ಕೆ ನೀರಿನ ನಂಟು. ಹೀಗಾಗಿ ಜಿಡ್ಡು ನೀರಿನೊಡನೆ ಹೊರಟುಹೋಗುತ್ತದೆ. ಗಡಸು ನೀರಿನಲ್ಲಿ ಸಾಬೂನು ಬಿಳಿಯ ಗಷ್ಟು ಕಟ್ಟುವಂತೆ ಇದು ಕಟ್ಟುವುದಿಲ್ಲ. ಕೊಳವೆಬಾವಿಯ ನೀರನ್ನೇ ನಂಬಿರುವ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ. ಕಣ್ಣು ಉರಿಯುವುದು ಮಾತ್ರ ತಪ್ಪಿದ್ದಲ್ಲ.

ತೆಂಗಿನೆಣ್ಣೆಯ ವಿಷಯದಲ್ಲಿ ವಿಜ್ಞಾನವೂ ಅಜ್ಜಿಯ ಪಕ್ಷವಹಿಸಿದೆ. ಅದು ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಯಾಗಲಿ ಖನಿಜ ತೈಲವಾಗಲಿ ಹಾಗೆ ಮಾಡವು ಎಂದು ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆದರೆ ಅಜ್ಜಿಯ ಎಲ್ಲ ಪದ್ಧತಿಗೂ ಈ ಬೆಂಬಲವಿಲ್ಲ. ಎಳೆಗೂಸಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಸಲ್ಲದು ಎನ್ನುತ್ತಾರೆ ಮಕ್ಕಳ ವೈದ್ಯರು. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆದೀತು.

ಈ ಸ್ನಾನಕ್ಕೆ ಕನ್ನಡದಲ್ಲಿರುವ ಕ್ರಿಯಾಪದವೂ ಕುತೂಹಲದ್ದು: ಎರೆಯುವುದು. ಮಗುವಿಗೆ ಎರೆಯುತ್ತಾರೆ, ಬಾಣಂತಿಗೆ ಎರೆಯುತ್ತಾರೆ, ಹಬ್ಬದ ದಿನ ಗಂಡಸರಿಗೆ ಎಣ್ಣೆಯಿಟ್ಟು ಆರತಿ ಎತ್ತಿ ಎರೆಯುತ್ತಾರೆ. ಅದೇ ಪದಕ್ಕೆ ‘ಕೊಳ್ಳು’ ಸೇರಿದರೆ ಎರೆದುಕೊಳ್ಳುವುದು. ಉತ್ತರ ಕರ್ನಾಟಕದ ಬಾಯಿಮಾತಿನಲ್ಲಿ ಎರಕೊಳ್ಳೋದು. ಎರೆಯುವ ಕೈ ಬಹುಮಟ್ಟಿಗೆ ಹೆಂಗಸಿನದೇ. ನಸುಕಿನಲ್ಲಿ ಎದ್ದು ಒಲೆ ಹಚ್ಚಿ, ನೀರು ಸೇದಿ, ಮಕ್ಕಳ ಬೆನ್ನು ತಿಕ್ಕಿ, ಹಟ ಮಾಡುವವನ ತಲೆಗೆ ಸೀಗೆ ಹಾಕಿದವಳು ತಾನು ಎರೆದುಕೊಳ್ಳುವುದು ಎಲ್ಲರದೂ ಮುಗಿದ ಮೇಲೆ. ಆಕೆಯ ಬೆನ್ನಿಗೆ ಮತ್ತೊಬ್ಬರ ಕೈ ಸಿಗುತ್ತಿದ್ದದ್ದು ಬಾಣಂತನದಲ್ಲಿ ಮಾತ್ರ. ತವರಿನ ಬಚ್ಚಲಿನಲ್ಲಿ ತಿಂಗಳುಗಟ್ಟಲೆ ಎಣ್ಣೆ, ಬಿಸಿನೀರು, ಆಮೇಲೆ ಸಾಂಬ್ರಾಣಿ ಹೊಗೆ, ಬೆಚ್ಚನೆಯ ಹಾಸಿಗೆ. ಹಳೆಯ ತಲೆಮಾರಿನ ಅನೇಕ ಹೆಂಗಸರು ಬಾಣಂತನದ ನೀರನ್ನು ಮುಪ್ಪಿನವರೆಗೂ ನೆನೆಯುವುದು ಸುಮ್ಮನೆ ಅಲ್ಲ.

ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ 20ನೇ ಶತಮಾನದ ಎರಡನೆಯ ದಶಕದಲ್ಲಿ ಶುರುವಾಯಿತು. ಸೋಪು ಬಂದರೂ ಎಣ್ಣೆನೀರು ತಕ್ಷಣ ಮರೆಯಾಗಲಿಲ್ಲ. ಹೆಚ್ಚಿನ ಪೆಟ್ಟು ಕೊಟ್ಟದ್ದು, 1980ರ ದಶಕದಿಂದ ಕಿರಾಣಿ ಅಂಗಡಿಗಳ ಮುಂದೆ ತೋರಣದಂತೆ ತೂಗಾಡತೊಡಗಿದ ಶಾಂಪೂ ಚೀಟಿಗಳು. ತಮಾಷೆಯೆಂದರೆ ಶಾಂಪೂ ಎಂಬ ಪದ ಹುಟ್ಟಿದ್ದೇ ಹಿಂದಿಯ ‘ಚಾಂಪೋ’ದಿಂದ, ಅಂದರೆ ‘ಒತ್ತು, ನೀವು’ ಎಂಬ ಮಾತಿನಿಂದ. ಪಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ನಾನಗೃಹ ತೆರೆದು ಶ್ರೀಮಂತರ ಮೈ ನೀವಿ ಹೆಸರಾದ. ಅಲ್ಲಿ ‘ಶಾಂಪೂ’ ಎಂದರೆ ಆ ನೀವುವಿಕೆಯೇ. ಪದ ತಿರುಗಿ ಇಲ್ಲಿಗೆ ಬರುವ ಹೊತ್ತಿಗೆ ನೀವುವ ಕೈ ಕಳಚಿಹೋಗಿ ನೊರೆಯಷ್ಟೇ ಉಳಿದಿತ್ತು.

ಹಾಗೆ ನೋಡಿದರೆ ಎಣ್ಣೆ, ಸೀಗೆಪುಡಿ ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಸಿಗದಿರುವುದು ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂರುವ ಅರ್ಧ ಗಂಟೆ, ಮಿಂದ ಮೇಲೆ ಸಾರು ಅನ್ನ ಉಂಡು ಮಲಗುವ ಮಧ್ಯಾಹ್ನ. ಕಚೇರಿ, ಶಾಲೆಗಳು ಭಾನುವಾರವನ್ನು ರಜೆಯ ದಿನವಾಗಿಸಿದಾಗ ಪಂಚಾಂಗ ಬೇಡವೆಂದಿದ್ದ ಆ ವಾರಕ್ಕೇ ಎಣ್ಣೆ ನೀರು ಸರಿದುಕೊಂಡಿತು. ಯಾರೂ ಹೆಚ್ಚು ತಕರಾರು ಮಾಡಲಿಲ್ಲ. ರೂಢಿಗಳು ಅಷ್ಟರಮಟ್ಟಿಗೆ ಬಗ್ಗುತ್ತವೆ. ಸರದಿ ಮಾತ್ರ ಬಹುತೇಕ ಮನೆಗಳಲ್ಲಿ ಹಳೆಯದೇ. ಆಗ ಅಮ್ಮನ ಪಾಳಿ ಬರುವಷ್ಟರಲ್ಲಿ ಹಂಡೆಯ ನೀರು ಆರಿರುತ್ತಿತ್ತು. ಈಗ ಗೀಸರಿನ ಬಿಸಿನೀರು ಖಾಲಿಯಾಗಿ, ಮತ್ತೆ ಕಾಯುವ ಹೊತ್ತಿಗೆ ಕುಕ್ಕರ್ ಕೂಗುತ್ತದೆ, ಆಕೆ ಅಡುಗೆಮನೆಗೆ ನಡೆಯುತ್ತಾಳೆ.