ಅಜ್ಜಿಯ ಮಚ್ಚೆ ಎಲ್ಲಿ ಹೋಯ್ತು?

ಅಪ್ಪ-ಅಮ್ಮನ ಮದುವೆ ಆಗಿದ್ದು 2003ರಲ್ಲಿ, ಕುಣಿಗಲ್‌ನಲ್ಲಿ. ವಿಡಿಯೋ ಇದ್ದದ್ದು ಎರಡು ವಿಸಿಡಿಯಲ್ಲಿ. ಈ ಸಲ ರಜೆಯಲ್ಲಿ ಅದನ್ನ ಲ್ಯಾಪ್‌ಟಾಪ್‌ಗೆ ಕಾಪಿ ಮಾಡ್ಕೊಂಡು, ಒಂದು ಎಐ ಸಾಫ್ಟ್‌ವೇರ್‌ಗೆ ಹಾಕಿ ಎಚ್‌ಡಿ ಮಾಡಿದೆ. ಗುಬ್ಬಿಯ ಮಾವನ ಮನೆ ಟಿವಿಯಲ್ಲಿ ಎಲ್ಲರೂ ಕೂತು ನೋಡಿದ್ವಿ. ತೀರಿಹೋದ ಅಜ್ಜಿಯ ಮುಖ ಹತ್ತಿರದಿಂದ ಕಂಡಾಗ ಮಾವ, "ಗೋಡೆಗೆ ಹಾಕೋ ಫೋಟೋ ಇದರಲ್ಲೇ ತೆಗೆಯೋಣ" ಅಂದ್ರು. ಅಮ್ಮ ಮಾತ್ರ ಕೇಳಿದ್ದು: "ಕೆನ್ನೆ ಮೇಲಿನ ಮಚ್ಚೆ ಎಲ್ಲೋ?"

ಲೆಕ್ಕ ಹಾಕಿ ನೋಡಿ. ವಿಸಿಡಿಯ ಒಂದು ಫ್ರೇಮ್ 352×288, ಅಂದ್ರೆ ಸುಮಾರು 1 ಲಕ್ಷ ಪಿಕ್ಸೆಲ್. ನಾನು ಮಾಡಿದ್ದು 1440×1080, ಅಂದ್ರೆ 15 ಲಕ್ಷಕ್ಕೂ ಹೆಚ್ಚು. ಉಳಿದ 14 ಲಕ್ಷ ಎಲ್ಲಿಂದ ಬಂತು? ಸಾವಿರಾರು ಬೇರೆ ವಿಡಿಯೋಗಳನ್ನ ನೋಡಿ ಕಲಿತ ಮಾಡೆಲ್ "ಇಲ್ಲಿ ಹೀಗಿರಬಹುದು" ಅಂತ ಊಹಿಸಿ ತುಂಬಿದ್ದು. ಅಜ್ಜಿಯ ಮಚ್ಚೆ ಅದಕ್ಕೆ ಕೊಳೆ ಥರ ಕಂಡಿರಬೇಕು, ಒರೆಸಿಬಿಟ್ಟಿದೆ.

ಇಂಥ ಕೆಲವು ಸಾಫ್ಟ್‌ವೇರ್‌ಗಳು ತಾವು ಮಾಡಿದ್ದನ್ನ ಫೈಲ್ ಒಳಗೇ ಬರೆದಿಡುತ್ತವೆ. ಅದೇ ಮೆಟಾಡೇಟಾ ಟ್ಯಾಗ್. ಉದಾಹರಣೆಗೆ ಟೋಪಾಜ್ ವಿಡಿಯೋ ಎಐ, 'ವಿಡಿಯೋಎಐ' ಅನ್ನೋ ಟ್ಯಾಗ್‌ನಲ್ಲಿ ಯಾವ ಮಾಡೆಲ್ ಬಳಸಿದ್ದು, ರೆಸಲ್ಯೂಷನ್ ಎಷ್ಟಕ್ಕೆ ಬದಲಾಯ್ತು ಅಂತ ಬರೆಯುತ್ತೆ. ಎಂಪಿ4 ಫೈಲ್‌ನಲ್ಲಿ ಚಿತ್ರದ ಡೇಟಾ ಒಂದು ಡಬ್ಬಿಯಲ್ಲಿ, ಈ ವಿವರ ಇನ್ನೊಂದರಲ್ಲಿ ಇರುತ್ತೆ. ಹಾಗಾಗಿ ಪ್ಲೇ ಮಾಡಿದರೆ ಟ್ಯಾಗ್ ಕಾಣಲ್ಲ. ಮೀಡಿಯಾಇನ್ಫೋ ಅಥವಾ ಎಫ್‌ಎಫ್‌ಪ್ರೋಬ್‌ನಲ್ಲಿ ತೆಗೆದು ನೋಡಬೇಕು. ಎರಡೂ ಉಚಿತ.

ಆದರೆ ಟ್ಯಾಗ್ ತುಂಬಾ ನಾಜೂಕು. ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಮತ್ತೆ ಕಂಪ್ರೆಸ್ ಆಗಿ ಟ್ಯಾಗ್ ಉಳಿಯಲ್ಲ. ಎಫ್‌ಎಫ್‌ಎಂಪೆಗ್‌ನಲ್ಲಿ ಒಂದೇ ಸಾಲಿನ ಕಮ್ಯಾಂಡ್‌ನಿಂದ ಅಳಿಸಬಹುದು, ಸುಳ್ಳೂ ಬರೆಯಬಹುದು. ಅದಕ್ಕೇ 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್ ಮುಂತಾದ ಕಂಪನಿಗಳು ಸೇರಿ ಸಿ2ಪಿಎ ಶುರು ಮಾಡಿದ್ದು. ಅದರಲ್ಲಿ ವಿವರಕ್ಕೆ ಡಿಜಿಟಲ್ ಸಹಿ ಇರುತ್ತೆ, ತಿದ್ದಿದರೆ ಗೊತ್ತಾಗುತ್ತೆ. ಪೂರ್ತಿ ಕಿತ್ತುಹಾಕಿದರೆ ಮಾತ್ರ ಅದೂ ಏನೂ ಹೇಳಲ್ಲ. ಅಂದ್ರೆ ಟ್ಯಾಗ್ ಇಲ್ಲ ಅಂದ ಮಾತ್ರಕ್ಕೆ ವಿಡಿಯೋ ಅಸಲಿ ಅಂತ ಅಲ್ಲ.

ಇದು ಮನೆ ವಿಡಿಯೋ ವಿಷಯ ಮಾತ್ರ ಅಲ್ಲ. ನಮ್ಮ ಗುಬ್ಬಿ ವೀರಣ್ಣನವರ ನಿರ್ಮಾಣದ 'ಬೇಡರ ಕಣ್ಣಪ್ಪ' (1954) ಥರದ ಹಳೇ ಚಿತ್ರವನ್ನ ಯಾರೋ ಹೀಗೇ '4ಕೆ' ಮಾಡಿ ಹಂಚಿದರು ಅಂದ್ಕೊಳ್ಳಿ. ಅದನ್ನ ನೋಡಿ ಆಗಿನ ವೇಷಭೂಷಣದ ಬಗ್ಗೆ ಬರೆಯೋರು, ಮಾಡೆಲ್ ಊಹಿಸಿದ ಕಸೂತಿಯನ್ನೇ ಇತಿಹಾಸ ಅಂದುಕೊಳ್ಳಬಹುದು.

ಹಾಗಾಗಿ ಮೂರು ಕೆಲಸ ಮಾಡಿ. ಮೂಲ ಫೈಲ್ ಡಿಲೀಟ್ ಮಾಡಬೇಡಿ. ಹೊಸ ಫೈಲ್ ಹೆಸರಲ್ಲೇ 'ಎಐ' ಅಂತ ಸೇರಿಸಿ. ಯಾರಿಗಾದರೂ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಟ್ಯಾಗ್ ಉಳಿಯುತ್ತೆ.

ಮಾವನ ಮನೆ ಗೋಡೆ ಮೇಲೆ ಈಗ ವಿಸಿಡಿಯಿಂದ ತೆಗೆದ ಫೋಟೋನೇ ಇದೆ. ಸ್ವಲ್ಪ ಮಸುಕು. ಮಚ್ಚೆ ಇದೆ.