ಗುರುವಿಲ್ಲದ ಮನೆಯಲ್ಲಿ ಕಲನಶಾಸ್ತ್ರದ ಅಭ್ಯಾಸ

ಗುರುಮುಖದಿಂದ ಬಂದ ವಿದ್ಯೆಯೇ ವಿದ್ಯೆಯೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆದರೆ ಗುರುವಿನ ಸನ್ನಿಧಿಯು ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ದೊರೆಯತಕ್ಕದ್ದಲ್ಲ. ಸಂಸಾರದ ಹೊಣೆಯಿಂದ ಓದನ್ನು ನಡುವೆಯೇ ನಿಲ್ಲಿಸಿದವರು, ಮನೆಪಾಠಕ್ಕೆ ಹಣ ತೆರಲಾರದವರ ಮಕ್ಕಳು, ಮಕ್ಕಳ ಪಾಠವನ್ನು ತಾವೇ ನೋಡಿಕೊಳ್ಳಬೇಕೆಂದಿರುವ ತಾಯಂದಿರು, ಇವರಿಗೆಲ್ಲ ಪುಸ್ತಕವೇ ಗುರುವು. ಕ್ಯಾಲ್‌ಕ್ಯುಲಸ್ ಎಂಬ ಕಲನಶಾಸ್ತ್ರಕ್ಕೆ ಹೆದರಿ ಗಣಿತವನ್ನೇ ತೊರೆಯುವ ವಿದ್ಯಾರ್ಥಿಗಳುಂಟು. ಅದರೊಡನೆ ಎಂಜಿನಿಯರಿಂಗ್, ಭೌತವಿಜ್ಞಾನ ಮೊದಲಾದವುಗಳ ಬಾಗಿಲೂ ಅವರಿಗೆ ಮುಚ್ಚುವುದು. ಇಂಥವರಿಗೆ ಯಾವ ಬಗೆಯ ಪುಸ್ತಕವು ಬೇಕು, ಅದನ್ನು ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿಚಾರಿಸುವೆವು.

ಉತ್ತರವನ್ನು ಕೊಡುವುದು ಬೇರೆ, ಲೆಕ್ಕವನ್ನು ಬಿಡಿಸಿ ತೋರಿಸುವುದು ಬೇರೆ. ಇದಕ್ಕೊಂದು ದೃಷ್ಟಾಂತವನ್ನು ಕೊಡುವೆವು. ಪಕ್ಕಕ್ಕೆ ೧೨ ಅಂಗುಲವುಳ್ಳ ಚೌಕ ತಗಡಿನ ನಾಲ್ಕು ಮೂಲೆಗಳಲ್ಲಿ ಸಮನಾದ ಸಣ್ಣ ಚೌಕಗಳನ್ನು ಕತ್ತರಿಸಿ ತೆಗೆದು, ಅಂಚುಗಳನ್ನು ಮೇಲಕ್ಕೆ ಮಡಿಸಿ, ಮುಚ್ಚಳವಿಲ್ಲದ ಡಬ್ಬಿಯನ್ನು ಮಾಡಬೇಕಾಗಿದೆ. ಅದು ಅತ್ಯಧಿಕ ಧಾನ್ಯವನ್ನು ಹಿಡಿಯಬೇಕಾದರೆ ಎಷ್ಟು ಅಂಗುಲದ ಚೌಕವನ್ನು ಕತ್ತರಿಸಬೇಕು? ಆ ಅಳತೆಯನ್ನು ‘ಕ್ಷ’ ಎಂದಿಟ್ಟುಕೊಂಡರೆ ತಳದ ಪಕ್ಕವು ೧೨ − ೨ಕ್ಷ, ಎತ್ತರವು ಕ್ಷ. ಆದುದರಿಂದ ಗಾತ್ರವು ಕ್ಷ(೧೨ − ೨ಕ್ಷ)². ಇದನ್ನು ಅವಕಲನ ಮಾಡಲಾಗಿ ೧೨(೨ − ಕ್ಷ)(೬ − ಕ್ಷ) ಎಂದು ಬರುವುದು. ಕ್ಷ ಎಂಬುದು ೨ ಆದಾಗಲೂ ೬ ಆದಾಗಲೂ ಇದು ಸೊನ್ನೆಯಾಗುವುದು. ಪುಸ್ತಕದ ಕೊನೆಯ ಪುಟದಲ್ಲಿ ‘೨’ ಎಂದಷ್ಟೇ ಅಚ್ಚಾಗಿದ್ದರೆ, ೬ ಏಕೆ ಹೋಯಿತೆಂದು ಒಂಟಿಯಾಗಿ ಓದುವವನು ದಿಗ್ಭ್ರಮೆಗೊಳ್ಳುವನು. ಆರಂಗುಲ ಕತ್ತರಿಸಿದರೆ ತಳವೇ ಉಳಿಯದೆಂಬ ಒಂದು ಸಾಲು ಅವನ ಸಂದೇಹವನ್ನು ನೀಗಿಸುವುದು. ಆ ಒಂದು ಸಾಲೇ ಗುರುವಿನ ಮಾತು. ಒಂದಂಗುಲ ಕತ್ತರಿಸಿದರೆ ೧೦೦, ಮೂರಕ್ಕೆ ೧೦೮, ಎರಡಕ್ಕೆ ೧೨೮ ಘನಾಂಗುಲವೆಂದು ಅಂಕಿಗಳನ್ನಿಟ್ಟು ಅವನೇ ಪರೀಕ್ಷಿಸಿಕೊಳ್ಳಲೂಬಹುದು.

ಶ್ರೀನಿವಾಸ ರಾಮಾನುಜನ್ ಅವರು ೧೯೦೩ರ ಸುಮಾರಿನಲ್ಲಿ, ಬಾಲ್ಯದಲ್ಲಿಯೇ, ಜಿ. ಎಸ್. ಕಾರ್ ಎಂಬವರ ಸೂತ್ರಸಂಗ್ರಹವನ್ನು ಹಿಡಿದು ತಾವಾಗಿಯೇ ಗಣಿತವನ್ನು ಸಾಧಿಸಿದರು. ಅದರಲ್ಲಿ ಸಾವಿರಾರು ಸೂತ್ರಗಳಿದ್ದರೂ ಸಾಧನೆಯ ವಿವರಣೆಯು ಅತ್ಯಲ್ಪ. ಅದು ಅಸಾಮಾನ್ಯರ ಮಾರ್ಗ. ಸಾಮಾನ್ಯರಿಗೆ ಬಿಡಿಸಿದ ಲೆಕ್ಕಗಳೇ ಊರುಗೋಲು.

ಅಂಥ ಪುಸ್ತಕಗಳಿಗೆ ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಪಿ.ಯು. ತರಗತಿಗಳಲ್ಲಿ ನಡೆಯುವ ಎನ್.ಸಿ.ಇ.ಆರ್.ಟಿ. ಗಣಿತ ಪುಸ್ತಕಗಳಲ್ಲಿ ಪ್ರತಿಯೊಂದು ಅಧ್ಯಾಯದಲ್ಲಿಯೂ ಪೂರ್ಣವಾಗಿ ಬಿಡಿಸಿದ ಉದಾಹರಣೆಗಳಿರುವುವು. ಅಭ್ಯಾಸದ ಲೆಕ್ಕಗಳಿಗಾದರೋ ಕೊನೆಯಲ್ಲಿ ಉತ್ತರ ಮಾತ್ರ. ವಿದ್ಯಾರ್ಥಿಗಳು ಉದಾಹರಣೆಗಳನ್ನು ಕಣ್ಣೋಡಿಸಿ ಬಿಟ್ಟುಬಿಡುವರು. ಅವುಗಳ ಪರಿಹಾರವನ್ನು ಕಾಗದದಿಂದ ಮುಚ್ಚಿ ಲೆಕ್ಕವನ್ನು ಮಾತ್ರ ನೋಡಿದರೆ, ಅವೇ ಪರಿಹಾರಸಹಿತವಾದ ಅಭ್ಯಾಸಗಳಾಗುವುವು. ಇಂಗ್ಲಿಷ್ ಬಲ್ಲವರಿಗೆ ಸಿಲ್ವೇನಸ್ ಥಾಂಪ್ಸನ್ನರು ೧೯೧೦ರಲ್ಲಿ ಹೊರತಂದ ‘ಕ್ಯಾಲ್‌ಕ್ಯುಲಸ್ ಮೇಡ್ ಈಸಿ’ ಎಂಬ ಸರಳ ಗ್ರಂಥವು ಈಗ ಉಚಿತವಾಗಿ ದೊರೆಯುವುದು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯೂ ಒಂದು ಚರಾಂಕದ ಕಲನಶಾಸ್ತ್ರದ ಪಾಠಗಳನ್ನು, ಲೆಕ್ಕಗಳನ್ನು, ಅವುಗಳ ಪರಿಹಾರಗಳನ್ನು ಸ್ವಯಂಶಿಕ್ಷಣಕ್ಕಾಗಿಯೇ ಅಣಿಗೊಳಿಸಿ ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ಇಟ್ಟಿದೆ.

ಇನ್ನು ಉಪಯೋಗಿಸುವ ಕ್ರಮ. ಬಿಡಿಸಿದ ಲೆಕ್ಕವನ್ನು ಓದುವಾಗ ಎಲ್ಲವೂ ತಿಳಿದಂತೆಯೇ ತೋರುವುದು. ಪುಸ್ತಕವನ್ನು ಮುಚ್ಚಿದೊಡನೆ ಕೈ ಓಡದು. ದಡದಲ್ಲಿ ನಿಂತು ನೋಡಿದ ಮಾತ್ರಕ್ಕೆ ಈಜು ಬರುವುದುಂಟೇ? ಆದಕಾರಣ ಮೊದಲು ತಾನೇ ಪ್ರಯತ್ನಿಸಬೇಕು. ಕಾಲು ಗಂಟೆಯಾದರೂ ದಾರಿ ಕಾಣದಿದ್ದರೆ ಕಾಗದವನ್ನು ಒಂದೇ ಸಾಲಿನಷ್ಟು ಸರಿಸಿ ನೋಡಿ, ಮರಳಿ ಮುಚ್ಚಿ ಮುಂದುವರಿಯಬೇಕು. ತಪ್ಪಿದ ಲೆಕ್ಕವನ್ನು ಗುರುತು ಮಾಡಿಟ್ಟು, ವಾರ ಕಳೆದ ಮೇಲೆ ಪುಸ್ತಕವನ್ನು ನೋಡದೆ ಪುನಃ ಮಾಡಬೇಕು. ಎಡವಿದ ಸಾಲು ಯಾವುದೆಂದು ಗಮನಿಸಿದರೆ, ದೋಷವು ಅನೇಕ ವೇಳೆ ಕಲನಶಾಸ್ತ್ರದಲ್ಲಿರದೆ ಹಿಂದಿನ ಬೀಜಗಣಿತದಲ್ಲಿಯೋ ತ್ರಿಕೋನಮಿತಿಯಲ್ಲಿಯೋ ಇರುವುದು ಕಂಡುಬರುವುದು. ಆಗ ಹಿಂದಿನ ತರಗತಿಯ ಪುಸ್ತಕವನ್ನು ತೆರೆಯಲು ನಾಚಬೇಕಾಗಿಲ್ಲ. ಅನುಕಲನದ ಲೆಕ್ಕಕ್ಕಂತೂ ಪರೀಕ್ಷೆಯು ಅದರಲ್ಲಿಯೇ ಇದೆ: ಬಂದ ಉತ್ತರವನ್ನು ಅವಕಲನ ಮಾಡಿದರೆ ಕೊಟ್ಟ ಪದವು ಮರಳಿ ಬರಬೇಕು. ಇದನ್ನು ಅರಿತವನಿಗೆ ಪರಿಹಾರದ ಪುಸ್ತಕದ ಹಂಗು ದಿನದಿನಕ್ಕೆ ಕಡಮೆಯಾಗುವುದು. ಊರುಗೋಲಿನ ಪ್ರಯೋಜನವೂ ಅದೇ ಅಲ್ಲವೇ?

ಮನೆಯ ಹಿರಿಯರು ಗಣಿತವನ್ನರಿಯದಿದ್ದರೂ ಮಾಡಬಹುದಾದ ಉಪಕಾರವೊಂದುಂಟು. ಓದುವವರಿಗೆ, ಅದು ಮಗನಾಗಲಿ ಸೊಸೆಯಾಗಲಿ, ದಿನಕ್ಕೊಂದು ಗಂಟೆಯ ಬಿಡುವನ್ನೂ ಗದ್ದಲವಿಲ್ಲದ ಒಂದು ಮೂಲೆಯನ್ನೂ ಒದಗಿಸಿ, ಅಂದು ಮಾಡಿದ ಲೆಕ್ಕವೊಂದನ್ನು ತಮಗೆ ವಿವರಿಸಿ ಹೇಳುವಂತೆ ಕೇಳಲಿ. ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲ ಲೆಕ್ಕವು ತನ್ನದಾಯಿತೆಂದೇ ತಿಳಿಯತಕ್ಕದ್ದು.