ಬಣ್ಣ ಬದಲಿಸುವ ಮಾಯೆ: ಯಕ್ಷಗಾನದ ಶೂರ್ಪನಖಿ ಮತ್ತು ಥಾಣೆ ಪರಿಸರದ ರಂಗ

ನಮ್ಮ ಕಥನಕಾವ್ಯಗಳ ಮಾಯಾವಿಗಳು ಇಚ್ಛಾಮಾತ್ರದಿಂದ ಮೈಬಣ್ಣವನ್ನೂ ರೂಪವನ್ನೂ ಬದಲಿಸಬಲ್ಲರು. ಕಾವ್ಯದಲ್ಲಿ ಇದಕ್ಕೆ ಒಂದು ಮಾತು ಸಾಕು; ರಂಗದ ಮೇಲೆ ಸಾಲದು. ನಟನ ಮುಖಕ್ಕೆ ಬರೆದ ಬಣ್ಣ ಮಂತ್ರಕ್ಕೆ ಕರಗುವಂಥದಲ್ಲ. ತೆಂಕುತಿಟ್ಟಿನ ಯಕ್ಷಗಾನವು ಈ ತೊಡಕನ್ನು ಬಿಡಿಸಿಕೊಂಡ ಬಗೆಯನ್ನು ‘ಪಂಚವಟಿ’ ಪ್ರಸಂಗದ ಶೂರ್ಪನಖಿಯ ಮೂಲಕ ವಿವರಿಸಿ, ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಪ್ರದರ್ಶನಗಳಲ್ಲಿ ಅದಕ್ಕೆ ಒದಗಿರುವ ಇಕ್ಕಟ್ಟನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಶೂರ್ಪನಖಿ ತಾನು ಕಾಮರೂಪಿಣಿಯೆಂದು ಹೇಳಿಕೊಳ್ಳುತ್ತಾಳೆ. ಆದರೆ ಅವಳು ಚೆಲುವೆಯಾಗಿ ಮಾರ್ಪಟ್ಟು ಬಂದಳೆಂದು ಕವಿ ವರ್ಣಿಸುವುದಿಲ್ಲ. ಅವಳ ವಿಕಾರವನ್ನೇ ರಾಮನ ಸೌಂದರ್ಯಕ್ಕೆ ಎದುರಿಟ್ಟು ತೋರಿಸುತ್ತಾನೆ. ತಮಿಳಿನ ಕಂಬನಲ್ಲಿ ಅವಳು ಸುಂದರಿಯಾಗಿಯೇ ಬರುತ್ತಾಳೆ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವು ಅನುಸರಿಸುವ ಜೈನ ಪರಂಪರೆಯಲ್ಲಿ ಅವಳು ಚಂದ್ರನಖಿ, ಅಲ್ಲಿ ರಾಕ್ಷಸರು ವಿದ್ಯಾಧರರು. ಆದುದರಿಂದ ರೂಪಾಂತರವು ಹುಟ್ಟಿನಿಂದ ಬಂದ ಮಾಯೆಯಲ್ಲ, ಸಾಧನೆಯಿಂದ ಪಡೆದ ವಿದ್ಯೆ. ಹೀಗೆ ಒಂದೇ ಪಾತ್ರದ ಸುತ್ತ ಮಾಯೆಯ ಕಲ್ಪನೆ ಬೇರೆ ಬೇರೆಯಾಗಿ ಬೆಳೆದಿದೆ.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಪಂಚವಟಿ’ಯನ್ನು ಆಡುವಾಗ ಯಕ್ಷಗಾನ ಕಂಡುಕೊಂಡ ಉಪಾಯ ಸರಳವಾದುದು: ಪಾತ್ರ ಒಂದು, ವೇಷ ಎರಡು, ವೇಷಧಾರಿಗಳೂ ಇಬ್ಬರು. ಮೊದಲು ಬರುವುದು ಹೆಣ್ಣುಬಣ್ಣ. ರಾಜಬಣ್ಣ, ಕಾಟುಬಣ್ಣಗಳಂತೆ ಇದೂ ಬಣ್ಣದ ವೇಷಗಳಲ್ಲೊಂದು. ಇದರಲ್ಲಿ ಕಪ್ಪಿಗೆ ಪ್ರಾಧಾನ್ಯ. ಇಂಗಳೀಕದ ಕೆಂಪು, ಅರದಾಳದ ಹಳದಿ, ಸಫೇತದ ಬಿಳಿ, ಕಾಡಿಗೆಯ ಕಪ್ಪು ಇವು ಹಳೆಯ ಚೌಕಿಯ ವರ್ಣಸಾಮಗ್ರಿ. ಅಕ್ಕಿಹಿಟ್ಟು, ಸುಣ್ಣಗಳ ಮಿಶ್ರಣದಿಂದ ಚುಟ್ಟಿಯಿಡುವ ದೊಡ್ಡ ಬಣ್ಣದ ವೇಷವೊಂದರ ಮುಖವರ್ಣಿಕೆಗೆ ಗಂಟೆಗಟ್ಟಲೆ ಸಮಯ ಬೇಕು. ದೊಂದಿಯ ಬೆಳಕು, ರಾಳದ ಪುಡಿಯ ಜ್ವಾಲೆ, ಅಬ್ಬರದ ಕೂಗುಗಳ ನಡುವೆ ಈ ವೇಷ ರಂಗಕ್ಕೆ ಬರುತ್ತದೆ. ರಾಮನನ್ನು ಕಂಡು ಮೋಹಗೊಂಡ ರಕ್ಕಸಿ ರೂಪ ಬದಲಿಸಲು ನಿಶ್ಚಯಿಸುತ್ತಾಳೆ. ಹೆಣ್ಣುಬಣ್ಣ ನಿರ್ಗಮಿಸುತ್ತದೆ, ಭಾಗವತರ ಪದಕ್ಕೆ ಸ್ತ್ರೀವೇಷದ ಮಾಯಾಶೂರ್ಪನಖಿ ಕುಣಿಯುತ್ತ ಪ್ರವೇಶಿಸುತ್ತಾಳೆ. ಮಾನಭಂಗವಾದೊಡನೆ ಮಾಯೆ ಕಳಚಿ ಮೊದಲಿನ ಬಣ್ಣ ಮರಳುತ್ತದೆ.

ಬಣ್ಣ ಬದಲಾಗುವ ಕ್ಷಣವನ್ನು ಇಲ್ಲಿ ಯಾರೂ ಕಣ್ಣಾರೆ ಕಾಣುವುದಿಲ್ಲ ಎಂಬುದು ಗಮನಾರ್ಹ. ಮೊದಲ ಬಣ್ಣವನ್ನು ನೆನಪಿನಲ್ಲಿಟ್ಟುಕೊಂಡ ಪ್ರೇಕ್ಷಕನು ಎರಡನೆಯದನ್ನು ನೋಡುತ್ತಾನೆ. ಮಾಯೆ ನಡೆಯುವುದು ಅವನ ನೆನಪಿನಲ್ಲಿ. ರಾಮನಿಗೆ ಒಬ್ಬ ಚೆಲುವೆ ಕಾಣಿಸುತ್ತಾಳೆ, ಪ್ರೇಕ್ಷಕನಿಗೆ ಇಬ್ಬರು. ಪ್ರಸಂಗದ ಹಾಸ್ಯವೂ ಆತಂಕವೂ ಈ ಅಂತರದಿಂದಲೇ ಹುಟ್ಟುತ್ತವೆ.

ಇನ್ನು ಮುಂಬಯಿಯ ಹೊರವಲಯದ ಮಾತು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಿಂದ ಉದ್ಯೋಗಕ್ಕಾಗಿ ಬಂದ ಅನೇಕ ಕುಟುಂಬಗಳು ಇಲ್ಲಿ ನೆಲೆಸಿವೆ. ಕರಾವಳಿಯ ಮೇಳಗಳ ತಿರುಗಾಟ ಪತ್ತನಾಜೆಗೆ ಮುಗಿಯುವುದರಿಂದ, ಮಳೆಗಾಲದಲ್ಲಿ ಕಲಾವಿದರ ತಂಡಗಳು ಈ ಕಡೆಗೆ ಬರುವುದು ರೂಢಿ. ಆದರೆ ಊರಿನ ಬಯಲಿನ ಇಡೀ ರಾತ್ರಿ ಇಲ್ಲಿ ಸಭಾಭವನದ ಮೂರು ನಾಲ್ಕು ಗಂಟೆಗಳಿಗೆ ಇಳಿಯುತ್ತದೆ. ಪ್ರೇಕ್ಷಕರು ರೈಲು ಹಿಡಿದು ಮನೆ ಸೇರಬೇಕು. ಮುಚ್ಚಿದ ಭವನದಲ್ಲಿ ದೊಂದಿ ಬೀಸುವುದೂ ಕಷ್ಟ. ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಹೆಣ್ಣುಬಣ್ಣದ ಒಡ್ಡೋಲಗಕ್ಕೆ. ಅದು ಕಥೆಯನ್ನು ಮುಂದಕ್ಕೆ ಒಯ್ಯುವುದಿಲ್ಲವೆಂಬುದು ಇದಕ್ಕೆ ಕೊಡುವ ಸಮರ್ಥನೆ.

ಈ ಸಮರ್ಥನೆ ಒಪ್ಪತಕ್ಕದ್ದಲ್ಲ. ಮೊದಲ ಬಣ್ಣವನ್ನು ಕಾಣದವನಿಗೆ ಎರಡನೆಯದು ಬದಲಾದ ಬಣ್ಣವೇ ಅಲ್ಲ. ಆಗ ಮಾಯಾಶೂರ್ಪನಖಿ ಕೇವಲ ಒಬ್ಬ ಸುಂದರಿ. ಲಕ್ಷ್ಮಣನು ಅವಳ ಮೂಗನ್ನು ಕೊಯ್ಯುವುದು ನಿಷ್ಕಾರಣ ಕ್ರೌರ್ಯ. ಎರಡನ್ನೂ ಕಂಡವನಿಗೂ ಆ ಕ್ರೌರ್ಯದ ಪ್ರಶ್ನೆ ಕಾಡದಿರದು. ಆದರೆ ಅವನು ವಂಚನೆಯನ್ನೂ, ವಂಚಕಿಯ ನಿಜವಾದ ಮೋಹವನ್ನೂ ಒಟ್ಟಿಗೆ ತೂಗಿ ನೋಡಬಲ್ಲ. ಒಡ್ಡೋಲಗವನ್ನು ಕಳೆದರೆ ತಕ್ಕಡಿಯ ಒಂದು ತಟ್ಟೆಯನ್ನೇ ಕಳೆದಂತೆ.

ಇನ್ನೊಂದು ಮಾತು. ಈ ನಗರಗಳಲ್ಲಿ ಹುಟ್ಟಿ ಮರಾಠಿ ಅಥವಾ ಇಂಗ್ಲಿಷಿನಲ್ಲಿ ಓದುವ ಕನ್ನಡ ಮಕ್ಕಳಿಗೆ ಅರ್ಥಗಾರಿಕೆಯ ಪ್ರೌಢ ಕನ್ನಡ ಅರ್ಧ ಮಾತ್ರ ದಕ್ಕೀತು. ಬಣ್ಣ ಪೂರ್ಣವಾಗಿ ದಕ್ಕುತ್ತದೆ. ಭಾಷೆ ತೆಳುವಾದಲ್ಲಿ ಬಣ್ಣವನ್ನೂ ತೆಳುವಾಗಿಸುವುದು ಇದ್ದ ಒಂದು ಬಾಗಿಲನ್ನೂ ಮುಚ್ಚಿದಂತೆ. ಹೊರನಾಡಿನ ಯಕ್ಷಗಾನವನ್ನು ಅಭ್ಯಸಿಸುವವರು ಪದ್ಯಗಳನ್ನೂ ಅರ್ಥವನ್ನೂ ದಾಖಲಿಸುವುದರ ಜೊತೆಗೆ, ಪ್ರತಿ ವೇಷಕ್ಕೆ ರಂಗದಲ್ಲಿ ದೊರೆತ ಸಮಯವನ್ನೂ ಗುರುತಿಸಿಕೊಳ್ಳುವುದು ಅಗತ್ಯ. ಸಮಯವನ್ನು ಉಳಿಸಲೇಬೇಕಾದರೆ ಸಂಭಾಷಣೆಯ ವಿಸ್ತಾರವನ್ನು ಕುಗ್ಗಿಸಬಹುದು. ಆದರೆ ರಕ್ಕಸಿ ಚೆಲುವೆಯಾಗುವ ಮುನ್ನ ಒಮ್ಮೆ ರಕ್ಕಸಿಯಾಗಿ ಕಾಣಿಸಿಕೊಳ್ಳಲೇಬೇಕು.